ಲೆನ್ಸ್ ಇಲ್ಲ

ಕ್ಯಾಮೆರಾ ಹೊಸದು. ಕಂತು ಇನ್ನೂ ಏಳು ಬಾಕಿ.
ಅದರ ಮೂತಿಗೆ ಈ ಮುದಿ ಗಾಜನ್ನು ತಿರುಪಿದರೆ
ಪರದೆಯ ಮೇಲೆ ಬರೆದು ತೋರಿಸುತ್ತದೆ:
ಲೆನ್ಸ್ ಇಲ್ಲ.

ಅಂಗೈ ತುಂಬ ಪಾವ್ ಕಿಲೋ ಲೋಹ.
ಇಲ್ಲವಂತೆ.

ಮೆನುವಿನ ಒಳಮನೆಗೆ ಹೋಗಿ, ಕೋಣೆ ಕೋಣೆ ದಾಟಿ,
'ಇರದಿದ್ದರೂ ತೆಗೆ' ಎಂದು ಒಪ್ಪಿಸಬೇಕು.
ಒಪ್ಪುತ್ತದೆ, ಮನಸ್ಸಿಲ್ಲದೆ.

ಹೊಸ ಲೆನ್ಸುಗಳು ಎದುರಿಗಿದ್ದವರ ಕಣ್ಣು
ತಾವೇ ಹುಡುಕಿಕೊಳ್ಳುತ್ತವೆ.
ನಾನು ತೆಗೆಯುವುದು ಖಣದ ಫೋಟೋ. ಖಣಕ್ಕೆ ಕಣ್ಣಿಲ್ಲ,
ನನಗೆ ಹಣವಿಲ್ಲ.

ಇದು ನವರಂಗ ಸ್ಟುಡಿಯೋದ ರಾಚಪ್ಪ ಬರಗುಂಡಿಯವರದು.
ಗುಳೇದಗುಡ್ಡದ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತು,
ಹರಕು ಬೀಗ, ಒಲೆಯ ಬರ್ನರುಗಳ ಜೊತೆ.
ದೂರ ಅಳೆಯುವ ಬಳೆಯ ಮೇಲೆ
ಅವರು ಚಾಕುವಿನಿಂದ ಗೀರಿದ ಒಂದು ಗೀಟು,
ಗೀಟಿನೊಳಗೆ ಉಗುರುಬಣ್ಣ.
ಸ್ಟೂಲಿನಿಂದ ಕ್ಯಾಮೆರಾಕ್ಕೆ ಇದ್ದ ದೂರ ಅದು,
ಆರು ಅಡಿ, ಮೇಲೆ ನಾಲ್ಕು ಬೆರಳು.
ಊರಿಗೂರೇ ಆ ಗೀಟಿನ ಮೇಲೆ ಕೂತೆದ್ದು ಹೋಗಿದೆ:
ನೇಕಾರರ ಗುರುತಿನ ಚೀಟಿಗೆ, ಸಾಲದ ಅರ್ಜಿಗೆ,
ಗಂಡಿನ ಕಡೆಯವರಿಗೆ ಕಳಿಸಲಿಕ್ಕೆ.
ಹತ್ತನೆಯ ಹಾಲ್‌ಟಿಕೆಟ್ಟಿಗೆಂದು ನಾನೂ.
'ಗದ್ದ ಕೆಳಗ, ತಂಗಿ. ಉಸುರ ಹಿಡಿ.'
ಇನ್ನೂ ಪೂರ್ತಿ ಬಿಟ್ಟಿಲ್ಲ ಅನಿಸುತ್ತದೆ ಕೆಲವು ಸಲ.

ಮೌನೇಶ ಕಮ್ಮಾರನ ಲೇತಿನಲ್ಲಿ,
ಬೋರಿನ ಪಂಪುಗಳ ಶಾಫ್ಟುಗಳ ನಡುವೆ,
ಹಳೆಯ ತಿರುಪಿಗೂ ಹೊಸ ಬಾಯಿಗೂ
ಬೀಗತನ ಬೆಳೆಸುವ ಬಳೆಯೊಂದು ತಯಾರಾಯಿತು.
ಕೂದಲೆಳೆ ದಪ್ಪ ಉಳಿಯಿತು.
ಅಷ್ಟಕ್ಕೇ ಅನಂತ ಸಿಗಲಿಲ್ಲ:
ತುದಿಯಲ್ಲಿ ಅಡ್ಡ ಬಿದ್ದ ಎಂಟು ಇದೆಯಲ್ಲ,
ಅಲ್ಲಿಯವರೆಗೆ ತಿರುಗಿಸಿದರೂ ಊರ ಹಿಂದಿನ ಗುಡ್ಡ
ನೆನೆಸಿಟ್ಟ ಅವಲಕ್ಕಿಯಂತೆ ಮೆತ್ತಗೆ.
ಹೆಸರಷ್ಟೇ ಮೌನೇಶ. ಬೈದ:
'ಖಣಾ ಮಾರುವಾಕಿ ನೀ. ಅನಂತ ತಗೊಂಡು ಏನ್ ಮಾಡ್ತಿ?
ಮೂರು ಮೊಳದಾಗ ಇರೂದು ನೆಟ್ಟಗ ಕಾಣ್ತೈತಿಲ್ಲೇನು?'

ಕಾಣುತ್ತಿತ್ತು. ಫೋಕಸ್ ಕೂತ ಅಂಚಿಗೆಲ್ಲ
ಪರದೆಯಲ್ಲಿ ಕೆಂಪು ಮಿನುಗು,
ಬೆಲ್ಲದ ಜಾಡು ಹಿಡಿದ ಕೆಂಜಿಗದ ಸಾಲು.
ನಾನು ಉಸಿರಾಡಿದಂತೆ ಆ ಸಾಲು
ಒಂದು ಎಳೆ ಹತ್ತಿ, ಒಂದು ಎಳೆ ಇಳಿಯುತ್ತಿತ್ತು.

ಆದರೆ ಬಣ್ಣ.
ಗಾಜು ಹಳದಿಗಟ್ಟಿತ್ತು, ಹರಳೆಣ್ಣೆಯಷ್ಟು.
ನೀಲಿ ಖಣ ಪಾಚಿಗೆ ತಿರುಗಿತು; ಕ್ಯಾಮೆರಾ ತಿದ್ದಲು ಹೋಗಿ
ಕೆಂಪು ಅಂಚನ್ನು ನೇರಳೆ ಮಾಡಿತು.
ಧಾರವಾಡದಾಕೆ ಪಾರ್ಸಲ್ ವಾಪಸ್ ಕಳಿಸಿದಳು:
'ಫೋಟೋದಾಗಿನ ಬಣ್ಣ ಇದಲ್ಲ.'

ಇಂಥ ಗಾಜಿಗೆ ಬಿಸಿಲೇ ಔಷಧ ಎಂದರು ಯಾರೋ.
ಬಿಸಿಲಿಗೇನು ಬರ ನಮ್ಮಲ್ಲಿ!
ಚೈತ್ರದ ಮಾಳಿಗೆ. ಅತ್ತೆಯ ಸಂಡಿಗೆ ಸಾಲಿನ ಕೊನೆಗೆ
ಸಿಂಬಿಯ ಮೇಲೆ, ಕೊಡದ ಬದಲು,
ಇದನ್ನು ಕೂರಿಸಿದೆ, ಮುಖ ಮೇಲೆ ಮಾಡಿ.
ಅತ್ತೆ ಕಾಗೆ ಓಡಿಸುತ್ತ ಎರಡಕ್ಕೂ ಕಾವಲು.
'ಇದಕ್ಕೂ ಉಪ್ಪು ಹಾಕೀಯೇನು?'

ಹನ್ನೊಂದನೆಯ ದಿನ ನಡುಮಧ್ಯಾಹ್ನ ಸುಟ್ಟ ವಾಸನೆ.
ಸಿಂಬಿಯ ಕೆಳಗೆ ಹಾಸಿದ್ದ ಖಣದ ತುಂಡಿನಲ್ಲಿ
ಸಾಸಿವೆಯಷ್ಟು ತೂತು, ಅಂಚು ಕಂದು.
ಮೌನೇಶನ ಬಳೆಯ ಹಂಗಿಲ್ಲದೆ
ಅಡ್ಡ ಎಂಟರ ಆಚೆಯಿಂದ
ಸೂರ್ಯ ನೇರ ಬಂದು ಕೂತು ಹೋಗಿದ್ದ,
ರಾಚಪ್ಪನವರ ಗೀಟಿಗೆ ನಿಲ್ಲದವನು,
ಗದ್ದ ಕೆಳಗಿಳಿಸದವನು.

ಗಾಜು ತಿಳಿಯಾಯಿತು, ಮಜ್ಜಿಗೆಯ ಮೇಲಿನ ನೀರಿನಷ್ಟು.
ಪೂರ್ತಿ ಬಿಳಿ ಅಲ್ಲ.
ನೀಲಿ ನೀಲಿಯಾಗಿಯೇ ಬಂತು.
ಧಾರವಾಡದಾಕೆ ಎರಡು ಖಣ ಹೆಚ್ಚು ಕೇಳಿದಳು.

ಚಿತ್ರದ ಒಳವಿವರ ತೆರೆದರೆ
ಕ್ಯಾಮೆರಾದ ಹೆಸರು, ತಾರೀಖು, ಸೆಕೆಂಡು ಸಮೇತ ವೇಳೆ.
ಲೆನ್ಸಿನ ಜಾಗದಲ್ಲಿ ಒಂದು ಸೊನ್ನೆ, ಎರಡು ಸಣ್ಣ ಗೀಟು.
ಗೀಟಾದರೂ ಇದೆಯಲ್ಲ.

ತೂತು ಬಿದ್ದ ಬಟ್ಟೆ ಮಾರಲು ಬರುವುದಿಲ್ಲ.
ಅದರಿಂದಲೇ ಈಗ ಗಾಜು ಒರೆಸುತ್ತೇನೆ.
ಒರೆಸುವಾಗ ಬೆರಳ ತುದಿ ತೂತಿಗೆ ಸಿಕ್ಕು
ಗಾಜಿನ ಮೇಲೆ ಚುಕ್ಕೆಯಷ್ಟು ಜಿಡ್ಡು.
ಮತ್ತೆ ಒರೆಸುತ್ತೇನೆ.